ಕಾದದ್ದು ಎಷ್ಟು, ಮಾರಿದ್ದು ಯಾವಾಗ: ಡೈನಾಸ್ಟಿ ಲೀಗಿನಲ್ಲಿ ನನ್ನ ಅನುಭವ

ನಾವು ಆಡುವುದು ಎನ್‌ಬಿಎ ಡೈನಾಸ್ಟಿ ಲೀಗ್: ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ನಿಜವಾದ ಆಟಗಾರರನ್ನು ವರ್ಷದಿಂದ ವರ್ಷಕ್ಕೆ ತಂಡದಲ್ಲಿ ಇಟ್ಟುಕೊಂಡು, ಅವರ ಪಂದ್ಯಗಳ ಅಂಕಿಗಳ ಮೇಲೆ ಆಡುವ ಫ್ಯಾಂಟಸಿ ಆಟ. ಮರುಕಟ್ಟುತ್ತಿರುವ ತಂಡ ತನ್ನ ಪಿಕ್‌ಗಳನ್ನು, ಅಂದರೆ ಪ್ರತಿ ವರ್ಷದ ಡ್ರಾಫ್ಟಿನಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿಗಳನ್ನು, ಈಗಲೇ ಮಾರಿ ಬಲಿತ ಆಟಗಾರರನ್ನು ತರಬೇಕೋ ಇನ್ನೂ ಕಾಯಬೇಕೋ ಎಂಬ ಜಗಳ ನಮ್ಮಲ್ಲಿ ಪ್ರತಿ ಜೂನ್‌ನಲ್ಲೂ ಏಳುತ್ತದೆ. ನಾನು ವರ್ಷಗಟ್ಟಲೆ ಹೇಳುತ್ತಿದ್ದುದು ಒಂದೇ ಮಾತು: ಕಂಬ, ಅಂದರೆ ಇಡೀ ತಂಡವನ್ನು ಹೊರಬಲ್ಲ ಆಟಗಾರ, ಸಿಗುವವರೆಗೆ ಕಾಯಬೇಕು, ಸಿಕ್ಕ ಮೇಲೆ ಒಂದು ಡ್ರಾಫ್ಟ್ ಕೂಡ ಕಾಯಬಾರದು. ಯಾರೂ ಒಪ್ಪಲಿಲ್ಲ. 2024ರ ಏಪ್ರಿಲ್‌ನಲ್ಲಿ ಕಪ್ ಗೆದ್ದ ಮೇಲೆ ಹೇಗೆ ಮಾಡಿದೆ ಎಂದು ಕೇಳುವವರು ಹೆಚ್ಚಾದರು. ಒಬ್ಬೊಬ್ಬರಿಗೂ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ನಮ್ಮದು ಒಂಬತ್ತು ವಿಭಾಗಗಳ ಹೆಡ್-ಟು-ಹೆಡ್: ಎದುರಾಳಿಯೊಂದಿಗೆ ಅಂಕ, ರೀಬೌಂಡ್, ಅಸಿಸ್ಟ್‌ನಂಥ ಒಂಬತ್ತು ಲೆಕ್ಕಗಳನ್ನು ಹೋಲಿಸಿ, ಹೆಚ್ಚು ವಿಭಾಗ ಗೆದ್ದವನಿಗೆ ಜಯ. ನನ್ನ ಲೀಗಿನ ಅಂಕಿಗಳೆಲ್ಲ ನೆನಪಿನಿಂದ ಬಂದವು, ಅಲ್ಪಸ್ವಲ್ಪ ಆಚೀಚೆ ಇರಬಹುದು.

ನಮ್ಮದು 12 ತಂಡಗಳ ಲೀಗ್. ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಈಗ ನ್ಯೂಜೆರ್ಸಿ, ಟೆಕ್ಸಾಸ್, ಟೊರಾಂಟೊ ಎಂದು ಚದುರಿಹೋದವರು. ವರ್ಷದ ಶುಲ್ಕ 100 ಡಾಲರ್. ಕೊನೆಯ ಸ್ಥಾನಕ್ಕೆ ಇಳಿದವನು ಇನ್ನೂ 50 ಡಾಲರ್ ದಂಡ ಕಟ್ಟಬೇಕು; ಒಳ್ಳೆಯ ಪಿಕ್‌ನ ಆಸೆಗೆ ಬೇಕೆಂದೇ ಸೋಲುವವರನ್ನು ತಡೆಯಲು ಮಾಡಿಕೊಂಡ ನಿಯಮ ಅದು. ಮುಂದಿನ ವರ್ಷಗಳ ಮೊದಲ ಸುತ್ತಿನ ಪಿಕ್ ಮಾರಬೇಕಾದರೆ ಆ ವರ್ಷದ ಶುಲ್ಕವನ್ನು ಇಂದೇ ಠೇವಣಿ ಇಡಬೇಕು. ಪಿಕ್‌ಗಳನ್ನೆಲ್ಲ ಮಾರಿ ಲೀಗ್ ಬಿಟ್ಟು ಓಡುವವರಿಗೆ ಹಾಕಿದ ಬೇಲಿ ಇದು. ಹೀಗಾಗಿ ನಮ್ಮಲ್ಲಿ ಈಗ ಮಾರುವವನ ಕೈಯಿಂದ ನಿಜವಾದ ದುಡ್ಡೇ ಹೋಗುತ್ತದೆ. ತಂಡ ಮರುಕಟ್ಟಿದ ಎರಡು ವರ್ಷಗಳಲ್ಲಿ ಶುಲ್ಕ, ದಂಡ, ಠೇವಣಿ ಎಲ್ಲ ಸೇರಿ ನಾನು ಹತ್ತಿರ ಹತ್ತಿರ 400 ಡಾಲರ್ ಕಳೆದಿದ್ದೇನೆ. ಆ ಅವಧಿಯಲ್ಲಿ ವಾಪಸು ಬಂದದ್ದು ಸೊನ್ನೆ.

ಶುರು ಮಾಡಿದ್ದು 2021ರ ಬೇಸಿಗೆಯಲ್ಲಿ. ಆಗ ನನ್ನ ಬಳಿ ಡೇಮಿಯನ್ ಲಿಲರ್ಡ್ ಇದ್ದ, ವಯಸ್ಸು 31. ತಂಡ ಐದನೆಯದೋ ಆರನೆಯದೋ ಆಗಿ ಮುಗಿಸುತ್ತಿತ್ತು. ಕಪ್ಪೂ ಇಲ್ಲ, ಒಳ್ಳೆಯ ಪಿಕ್ಕೂ ಇಲ್ಲ ಎನ್ನುವ ಆ ಜಾಗಕ್ಕಿಂತ ಕೆಟ್ಟ ಜಾಗ ಡೈನಾಸ್ಟಿಯಲ್ಲಿ ಇನ್ನೊಂದಿಲ್ಲ. ಲಿಲರ್ಡ್‌ನನ್ನು ಕೊಟ್ಟು ಟೈರೀಸ್ ಮ್ಯಾಕ್ಸಿ ಮತ್ತು 2022ರ ಮೊದಲ ಸುತ್ತಿನ ಒಂದು ಪಿಕ್ ತೆಗೆದುಕೊಂಡೆ. ಮ್ಯಾಕ್ಸಿ ಆಗ ಫಿಲಡೆಲ್ಫಿಯಾದ ಬೆಂಚಿನಿಂದ ಬಂದು ಎಂಟು ಅಂಕ ಹೊಡೆಯುತ್ತಿದ್ದ ಹುಡುಗ, ಡ್ರಾಫ್ಟಿನಲ್ಲಿ 21ನೆಯ ಆಯ್ಕೆ. ಗುಂಪಿನಲ್ಲಿ ನನ್ನನ್ನು ಬೈಯದವರಿಲ್ಲ. ಮೊದಲ ವರ್ಷ ನನ್ನ ಮಾತು ನಡೆಯಿತು: ಹೊಟ್ಟೆಯ ಭಾಗದ ಶಸ್ತ್ರಚಿಕಿತ್ಸೆಯಿಂದ ಲಿಲರ್ಡ್ ಆಡಿದ್ದು 29 ಪಂದ್ಯ, ಕೊಂಡವನ ತಂಡ ಕುಸಿದು ಅವನ ಪಿಕ್ ಮೂರನೆಯದಾಗಿ ನನಗೆ ಬಂತು. ಮರುವರ್ಷ ಅದೇ ಲಿಲರ್ಡ್ ಸರಾಸರಿ 32 ಅಂಕ ಹೊಡೆದ. 2023ರ ಫೆಬ್ರವರಿಯಲ್ಲಿ ಹ್ಯೂಸ್ಟನ್ ವಿರುದ್ಧ ಒಂದೇ ಪಂದ್ಯದಲ್ಲಿ 71 ಅಂಕ ಗಳಿಸಿದ ರಾತ್ರಿ ಗುಂಪಿನ ತುಂಬ ನನ್ನ ಹೆಸರೇ. ನಾನು ಆಗ ಕೊನೆಯ ಸ್ಥಾನದಲ್ಲಿದ್ದೆ.

ಕಾಯುವುದರ ಖರ್ಚು ಎಷ್ಟೆಂದು ತಿಳಿದದ್ದು ಆ ಮೂರನೆಯ ಪಿಕ್‌ನಿಂದ. ಅದರಲ್ಲಿ ಜಬಾರಿ ಸ್ಮಿತ್‌ನನ್ನು ಆರಿಸಿದೆ. ಒಳ್ಳೆಯ ಆಟಗಾರನೇ. ಆದರೆ ರೂಕಿ (ಎನ್‌ಬಿಎಯ ಮೊದಲ) ವರ್ಷದಲ್ಲಿ 13ರ ಆಸುಪಾಸು ಅಂಕ, ಶೂಟಿಂಗ್ ಶೇಕಡಾ 41. ನಮ್ಮ ಆಟದಲ್ಲಿ ರೂಕಿಗಳು ಬೆಂಚಿನಲ್ಲಿ ಸುಮ್ಮನೆ ಬೆಳೆಯುವುದಿಲ್ಲ. ಇಳಿಸಿದರೆ ಶೂಟಿಂಗ್ ಪ್ರಮಾಣವನ್ನೂ ಟರ್ನೋವರನ್ನೂ (ಚೆಂಡು ಕಳೆದುಕೊಂಡ ಲೆಕ್ಕ, ಕಡಿಮೆ ಇದ್ದಷ್ಟು ಒಳ್ಳೆಯದು) ಕೆಡಿಸುತ್ತಾರೆ, ಇಳಿಸದಿದ್ದರೆ ರೋಸ್ಟರಿನ (ತಂಡದ ಪಟ್ಟಿಯ) ಒಂದು ಜಾಗ ತಿನ್ನುತ್ತಾರೆ. ಡ್ರಾಫ್ಟಿನ ಹಿಂದಿನ ವಾರ ಆ ಪಿಕ್‌ಗೆ ಒಬ್ಬ ಆಲ್‌ಸ್ಟಾರ್ ಮಟ್ಟದ ಫಾರ್ವರ್ಡ್ ಕೊಡುತ್ತೇನೆಂದವನು, ಜನವರಿಯ ಹೊತ್ತಿಗೆ ಅದೇ ಜಬಾರಿಗೆ ಅದರ ಅರ್ಧ ಬೆಲೆ ಹೇಳಿದ. ಹುಡುಗನಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಪಿಕ್‌ಗೆ ಹೆಸರು ಬಂದಿತ್ತು, ಅಷ್ಟೇ.

ಅಡಿಕೆ ತೋಟದ ಮನೆಯಲ್ಲಿ ಬೆಳೆದವನಿಗೆ ಇದು ಬೇಗ ಹೊಳೆಯಬೇಕು. ಫಸಲು ಇನ್ನೂ ಮರದಲ್ಲಿರುವಾಗಲೇ ಚೇಣಿಗೆ ಕೊಟ್ಟರೆ ಮಳೆ, ಕೊಳೆರೋಗ, ದರ ಎಲ್ಲದರ ಚಿಂತೆಯೂ ಕೊಂಡವನದು. ಪಿಕ್ ಮಾರುವುದೂ ಹಾಗೆಯೇ, ಕಾಯಿಯ ಗಾತ್ರ ಕಾಣುವ ಮೊದಲು ವ್ಯಾಪಾರ ಮುಗಿಯಬೇಕು.

ಆ ಚಳಿಗಾಲದಲ್ಲಿ ಬೇರೆ ಕೆಲಸವಿಲ್ಲದ್ದರಿಂದ ಒಂದು ಎಕ್ಸೆಲ್ ಹಾಳೆ ತೆರೆದೆ. ನಮ್ಮ ಲೀಗಿನಲ್ಲಿ ಪಿಕ್‌ಗಳು ಯಾವ ತಿಂಗಳಲ್ಲಿ ಯಾವ ಬೆಲೆಗೆ ಕೈಬದಲಾದವು ಎಂದು ಹಳೆಯ ಟ್ರೇಡ್‌ಗಳನ್ನೆಲ್ಲ ಬರೆದಿಟ್ಟೆ. ಪ್ರತಿ ಆಟಗಾರನಿಗೂ ನನ್ನದೇ ಒಂದು ಅಂಕ ಕೊಟ್ಟೆ, ಅದನ್ನು ಹೇಗೆ ಕೊಡುತ್ತೇನೆ ಎಂದು ಮಾತ್ರ ಹೇಳುವುದಿಲ್ಲ. ನವೆಂಬರ್‌ನಲ್ಲಿ ಎಲ್ಲರೂ ತಾವೇ ಗೆಲ್ಲುತ್ತೇವೆ ಎಂದುಕೊಂಡಿರುತ್ತಾರೆ, ಪಿಕ್ ಅಗ್ಗ. ಡ್ರಾಫ್ಟಿಗೆ ಎರಡು ವಾರ ಇರುವಾಗ ಅದೇ ಪಿಕ್‌ನ ಬೆಲೆ ಒಂದೂವರೆ ಪಟ್ಟು. ಇದೇ ಹಾಳೆಯಲ್ಲಿ ಎರಡನೆಯ ಸುತ್ತಿನ ಪಿಕ್‌ಗಳ ಪ್ರಯೋಗವನ್ನೂ ಮಾಡಿದೆ. ದೊಡ್ಡ ತಾರೆಗಳಾದ ಯೋಕಿಚ್ 41ನೆಯ ಆಯ್ಕೆ, ಬ್ರನ್ಸನ್ 33ನೆಯ ಆಯ್ಕೆ ಎಂಬ ನೆನಪಿನಲ್ಲಿ ಅಂಥ ಹತ್ತು-ಹನ್ನೆರಡು ಪಿಕ್ ಗುಡ್ಡೆ ಹಾಕಿದೆ. ಒಬ್ಬನೂ ನಿಲ್ಲಲಿಲ್ಲ. ರೋಸ್ಟರ್ ತುಂಬಿ, ಇಟ್ಟುಕೊಳ್ಳಬೇಕಿದ್ದ ಒಬ್ಬ ಸೆಂಟರ್‌ನನ್ನು ಬಿಡಬೇಕಾಯಿತು. ಆ ಪಿಕ್‌ಗಳಿಗೆ ಒಂದೇ ಉಪಯೋಗ: ಟ್ರೇಡ್ ಅರ್ಧ ಹೆಜ್ಜೆಯಲ್ಲಿ ನಿಂತಾಗ ಎದುರಿನವನನ್ನು ಒಪ್ಪಿಸಲು ಮೇಲೆ ಒಂದು ಹಾಕುವುದು.

ಇನ್ನು ನಿಜವಾದ ಎನ್‌ಬಿಎ. ಕಾಯಬೇಕು ಎನ್ನುವವರೆಲ್ಲ ಒಕ್ಲಹೋಮ ಸಿಟಿಯನ್ನು ತೋರಿಸುತ್ತಾರೆ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಕೊಟ್ಟು ಶೇ ಗಿಲ್ಜಸ್-ಅಲೆಗ್ಸಾಂಡರ್, ಗ್ಯಾಲಿನಾರಿ, ಮೊದಲ ಸುತ್ತಿನ ಐದು ಪಿಕ್, ಮೇಲೆ ಎರಡು ಸ್ವಾಪ್ (ಎದುರಿನವರ ಪಿಕ್ ಮೇಲಿದ್ದರೆ ಅದನ್ನು ತಮ್ಮದರೊಂದಿಗೆ ಬದಲಿಸಿಕೊಳ್ಳುವ ಹಕ್ಕು). ಆ ಪಿಕ್‌ಗಳಲ್ಲಿ ಒಂದರಿಂದಲೇ 2022ರಲ್ಲಿ 12ನೆಯವನಾಗಿ ಜೇಲನ್ ವಿಲಿಯಮ್ಸ್ ಬಂದದ್ದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆ ತಂಡ ಕೈ ಬಿಚ್ಚಿದ್ದು ಯಾವಾಗ ಎಂಬುದನ್ನು ಯಾರೂ ಹೇಳುವುದಿಲ್ಲ. 24 ಗೆಲುವು, 40 ಗೆಲುವು, 57 ಗೆಲುವು ಎಂದು ಏರಿದ ಮೇಲೆ, ಕಂಬ ಗಿಲ್ಜಸ್-ಅಲೆಗ್ಸಾಂಡರ್ ಎಂಬುದರಲ್ಲಿ ಅನುಮಾನವೇ ಉಳಿಯದಿದ್ದಾಗ, 2024ರ ಬೇಸಿಗೆಯಲ್ಲಿ ಜಾಶ್ ಗಿಡ್ಡಿಯನ್ನು ಕೊಟ್ಟು ಅಲೆಕ್ಸ್ ಕರೂಸೊನನ್ನು ತಂದರು, ಹಣ ಕೊಟ್ಟು ಹಾರ್ಟನ್‌ಸ್ಟೈನ್‌ನನ್ನು ತಂದರು. ಗಿಡ್ಡಿ 2021ರ ಆರನೆಯ ಆಯ್ಕೆ, ವಯಸ್ಸು 21, ಕರೂಸೊಗೆ 30. ಮೇಲೆ ಒಂದು ಪಿಕ್ ಕೂಡ ಬದಲಾಗಲಿಲ್ಲ. ನಮ್ಮ ಲೀಗಿನಲ್ಲಿ ಯಾರಾದರೂ ಅಂಥ ಟ್ರೇಡ್ ಮಾಡಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಮರುವರ್ಷ 68 ಗೆಲುವು, ಚಾಂಪಿಯನ್‌ಶಿಪ್.

ಕಂಬವಿಲ್ಲದೆ ಖರ್ಚು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅಟ್ಲಾಂಟಾ ನೋಡಿ. 2022ರಲ್ಲಿ ಡಿಜಾಂಟೆ ಮರ್ರೆಗಾಗಿ ಸ್ಯಾನ್ ಆಂಟೋನಿಯೊಗೆ ಮೊದಲ ಸುತ್ತಿನ ಮೂರು ಪಿಕ್, ಒಂದು ಸ್ವಾಪ್. ಫಲ 41 ಗೆಲುವು, ಆಮೇಲೆ 36, ಎರಡು ವರ್ಷಕ್ಕೆ ಮರ್ರೆಯನ್ನೇ ಮಾರಿದರು. ಅಲ್ಲಿನ ಆಗಿನ ಮುಖ್ಯ ಆಟಗಾರ ಟ್ರೇ ಯಂಗ್ ಒಳ್ಳೆಯವನೇ, ಆದರೆ ಅವನ ಸುತ್ತ ಅಷ್ಟು ಸುರಿಯಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ದುಡ್ಡು ಖರ್ಚಾಗಿತ್ತು. ಇನ್ನೊಂದು ತುದಿಯಲ್ಲಿ ಡೆಟ್ರಾಯಿಟ್. 2023ರಲ್ಲಿ ಅತಿ ಕೆಟ್ಟ ದಾಖಲೆ, 2024ರಲ್ಲಿ 14 ಗೆಲುವಿನೊಂದಿಗೆ ಮತ್ತೆ ಅತಿ ಕೆಟ್ಟ ದಾಖಲೆ, ಎರಡು ಸಲವೂ ಲಾಟರಿಯಲ್ಲಿ (ಪಿಕ್‌ಗಳ ಕ್ರಮ ತೀರ್ಮಾನಿಸುವ ಚೀಟಿ ಎತ್ತುವಿಕೆಯಲ್ಲಿ) ಸಿಕ್ಕಿದ್ದು ಐದನೆಯ ಪಿಕ್. 2019ರಲ್ಲಿ ಬಂದ ನಿಯಮದಲ್ಲಿ ಕೆಳಗಿನ ಮೂರೂ ತಂಡಗಳಿಗೆ ಮೊದಲ ಪಿಕ್ ಸಿಗುವ ಸಾಧ್ಯತೆ ಸಮವಾಗಿ ಶೇಕಡಾ 14 ಮಾತ್ರ. ಸೋತು ಸೋತು ಏನು ಗಳಿಸುತ್ತೀರಿ? ಆ ಡೆಟ್ರಾಯಿಟ್ 44 ಗೆಲುವಿಗೆ ಏರಿದ್ದು ಕೇಡ್ ಕನಿಂಗ್‌ಹ್ಯಾಮ್ ಎಂಬ ಕಂಬ ಬಲಿತು, ಪಕ್ಕದಲ್ಲಿ ಟೋಬಯಸ್ ಹ್ಯಾರಿಸ್, ಟಿಮ್ ಹಾರ್ಡವೇಯಂಥ ಅನುಭವಿಗಳು ನಿಂತಾಗ. ಹೊಸದಾಗಿ ಬಂದ ಐದನೆಯ ಪಿಕ್‌ನಿಂದಲ್ಲ.

ನನ್ನ ಕಂಬ ಕಂಡದ್ದು 2023ರ ಜೂನ್ ಕೊನೆಯಲ್ಲಿ. ಮ್ಯಾಕ್ಸಿಯ ತಂಡದಲ್ಲೇ ಚೆಂಡು ನಡೆಸುತ್ತಿದ್ದ ಜೇಮ್ಸ್ ಹಾರ್ಡನ್ ಫಿಲಡೆಲ್ಫಿಯಾ ಬಿಡಬೇಕೆಂದು ಟ್ರೇಡ್ ಕೇಳಿದ ಸುದ್ದಿ ಬಂತು. ಮ್ಯಾಕ್ಸಿ ಆ ಹೊತ್ತಿಗೆ 20 ಅಂಕದ ಆಟಗಾರನಾಗಿದ್ದ, ಟರ್ನೋವರ್ ಎರಡರ ಒಳಗೆ. ಚೆಂಡು ಪೂರ್ತಿ ಅವನ ಕೈಗೆ ಬಂದರೆ 25 ಗ್ಯಾರಂಟಿ ಎಂದು ಲೆಕ್ಕ ಹಾಕಿದೆ. ಅದೇ ವಾರ ಕೆಲಸ ಶುರು ಮಾಡಿದೆ. ನಮ್ಮ ರೂಕಿ ಡ್ರಾಫ್ಟ್ ಜುಲೈ ನಡುವೆ; ನನ್ನ ಕೈಯಲ್ಲಿ ಎರಡನೆಯ ಪಿಕ್. ವೆಂಬನ್ಯಾಮ ಮೊದಲಿಗನಾಗಿ ಹೋಗುವುದು ಖಚಿತ, ಎರಡನೆಯದೆಂದರೆ ಎಲ್ಲರ ಬಾಯಲ್ಲೂ ಸ್ಕೂಟ್ ಹೆಂಡರ್ಸನ್. ಬೇಸಿಗೆ ಲೀಗ್ (ಹೊಸಬರು ಮೊದಲು ಆಡುವ ಎನ್‌ಬಿಎ ಪಂದ್ಯಗಳು) ಶುರುವಾಗುವ ಮೊದಲೇ ಆ ಪಿಕ್ ಕೊಟ್ಟು ಜೇಲನ್ ಬ್ರನ್ಸನ್‌ನನ್ನೂ 2024ರ ಮೊದಲ ಸುತ್ತಿನಲ್ಲಿ ಕೊನೆಯ ಕಡೆ ಬರುವ ಒಂದು ಪಿಕ್ಕನ್ನೂ ತೆಗೆದುಕೊಂಡೆ. "ಎರಡು ವರ್ಷ ಸೋತು ಸಂಪಾದಿಸಿದ್ದನ್ನು ಆರಡಿ ಎರಡಂಗುಲದ ಗಾರ್ಡ್‌ಗೆ ಕೊಟ್ಟೆಯಲ್ಲ" ಎಂದು ಟೊರಾಂಟೊದ ಗೆಳೆಯ ಫೋನ್ ಮಾಡಿಯೇ ಕೇಳಿದ. ಸ್ಕೂಟ್ ಮೊದಲ ವರ್ಷದಲ್ಲಿ ಶೇಕಡಾ 40 ಕೂಡ ಶೂಟ್ ಮಾಡಲಿಲ್ಲ, ಟರ್ನೋವರ್ ಮೂರಕ್ಕೂ ಮೇಲೆ. ಬ್ರನ್ಸನ್ ಸರಾಸರಿ 28ಕ್ಕೂ ಹೆಚ್ಚು ಹೊಡೆದ.

ಎರಡನೆಯ ಖರೀದಿ ಆಂಟನಿ ಡೇವಿಸ್. ಹಿಂದಿನ ಮೂರು ವರ್ಷ ಅವನು ಆಡಿದ್ದು 36, 40, 56 ಪಂದ್ಯ. ವಯಸ್ಸು 30. ಡೈನಾಸ್ಟಿಯವರು ಹೆದರಿ ಅವನ ಹೆಸರು ಎತ್ತುತ್ತಲೇ ಇರಲಿಲ್ಲ. ಜಬಾರಿ ಮತ್ತು ನನ್ನ 2025ರ ಪಿಕ್ ಕೊಟ್ಟೆ, 2025ರ 100 ಡಾಲರ್ ಅಲ್ಲೇ ಕಟ್ಟಿದೆ. ನೋಡಿದ್ದು ಅವನ ಹೆಸರನ್ನಲ್ಲ, ವಿಭಾಗಗಳನ್ನು. ಮ್ಯಾಕ್ಸಿ, ಬ್ರನ್ಸನ್ ಇಬ್ಬರಿಂದ ಅಂಕ, ಅಸಿಸ್ಟ್, ಫ್ರೀ ಥ್ರೋ, ಕಡಿಮೆ ಟರ್ನೋವರ್ ಬರುತ್ತಿತ್ತು. ಬ್ಲಾಕ್ ಸೊನ್ನೆ, ರೀಬೌಂಡ್ ಸೊನ್ನೆ. ಆ ಎರಡನ್ನೂ ಒಬ್ಬನೇ ತುಂಬುವವನು ಬೇಕಿತ್ತು. ಡೇವಿಸ್ ಆ ವರ್ಷ 76 ಪಂದ್ಯ ಆಡಿದ, ಸರಾಸರಿ 12ಕ್ಕೂ ಹೆಚ್ಚು ರೀಬೌಂಡ್, ಎರಡಕ್ಕೂ ಹೆಚ್ಚು ಬ್ಲಾಕ್. ಗಾಯದ ವಿಷಯದಲ್ಲಿ ಅದೃಷ್ಟವಿತ್ತು ಎನ್ನುವವರಿಗೆ ನನ್ನ ಉತ್ತರ: ಆ ಬೆಲೆಗೆ 60 ಪಂದ್ಯ ಆಡಿದ್ದರೂ ನನಗೆ ಲಾಭವೇ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೆಂಟರ್ ಮಿಚೆಲ್ ರಾಬಿನ್ಸನ್‌ಗೆ ಕಣಕಾಲಿನ ಗಾಯವಾದ ಸುದ್ದಿ ಬಂದ ರಾತ್ರಿಯೇ ಅವನ ಬದಲಿ ಹಾರ್ಟನ್‌ಸ್ಟೈನ್‌ನನ್ನು ಪುಕ್ಕಟೆ ಎತ್ತಿಕೊಂಡೆ.

ಟ್ರೇಡ್ ಕಳುಹಿಸುವುದರಲ್ಲಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾವ ವಾರ, ಯಾವ ದಿನ, ಯಾರಿಗೆ ಮೊದಲು ಎಂಬುದನ್ನು ಬರೆಯುವುದಿಲ್ಲ, ಇದನ್ನು ನನ್ನ ಲೀಗಿನವರೂ ಓದುತ್ತಾರೆ. ಇಷ್ಟು ಹೇಳಬಹುದು: ಮೊದಲ ಪ್ರಸ್ತಾಪದಲ್ಲಿ ನಾನು ಪಿಕ್ ಹೆಸರೇ ಎತ್ತುವುದಿಲ್ಲ, ಎದುರಿನವನು ಕೇಳುವಂತೆ ಮಾಡುತ್ತೇನೆ. ತಾನೇ ಕೇಳಿದ್ದಕ್ಕೆ ಮನುಷ್ಯ ಹೆಚ್ಚು ಬೆಲೆ ಕೊಡುತ್ತಾನೆ.

ಫೈನಲ್ ಕೊನೆಯ ಭಾನುವಾರದ ಮಧ್ಯಾಹ್ನದವರೆಗೂ 4–4, ಉಳಿದದ್ದು ಟರ್ನೋವರ್. ಅದರಲ್ಲಿ ನನ್ನದು ಒಂದು ಕಡಿಮೆ, ಅಂದರೆ ನಾನು ಮುಂದಿದ್ದೆ. ಅಂಕ, ಅಸಿಸ್ಟ್ ಆಗಲೇ ನನ್ನ ಕೈಯಲ್ಲಿ ಭದ್ರವಾಗಿದ್ದವು. ರಾತ್ರಿ ಪಂದ್ಯವಿದ್ದ ಇಬ್ಬರನ್ನೂ ಬೆಂಚಿಗೆ ಸರಿಸಿ ಸುಮ್ಮನೆ ಕುಳಿತೆ. 5–4. ಬಹುಮಾನ 700 ಡಾಲರ್. ಕಳೆದ 400 ಕಳೆದರೆ ಕೈಯಲ್ಲಿ 300, ಗೆದ್ದ ವರ್ಷದ ಶುಲ್ಕ ಬೇರೆ. ಕಾಲು ಶತಮಾನ ಕಾದು ಕುಳಿತರೂ ಬಾರದ ದುಡ್ಡು ಎಂದು ನನ್ನ ಲೆಕ್ಕ.

ಕಪ್ ಬಂದ ಬೇಸಿಗೆಯಲ್ಲೇ ಡೇವಿಸ್‌ನನ್ನು ಮಾರಿದೆ. 76 ಪಂದ್ಯ ಆಡಿದ ಮೇಲೆ ಅವನ ಬೆಲೆ ನಾನು ಕೊಟ್ಟದ್ದಕ್ಕಿಂತ ಎತ್ತರದಲ್ಲಿತ್ತು, ಬದಲಿಗೆ ಮೊದಲ ಸುತ್ತಿನ ಎರಡು ಪಿಕ್ ಬಂದವು. 2025ರ ಫೆಬ್ರವರಿಯಲ್ಲಿ ಲೇಕರ್ಸ್ ಅವನನ್ನು ಡಾಲಸ್‌ಗೆ ಕೊಟ್ಟರು, ಅಲ್ಲಿ ಮೊದಲ ಪಂದ್ಯದಲ್ಲೇ ಗಾಯವಾಯಿತು. ಆ ವರ್ಷ ನಾನೂ ಕ್ವಾರ್ಟರ್‌ಫೈನಲ್ ದಾಟಲಿಲ್ಲ: ಮ್ಯಾಕ್ಸಿ 52 ಪಂದ್ಯಕ್ಕೆ ನಿಂತ, ಬ್ರನ್ಸನ್ ಮಾರ್ಚ್‌ನಲ್ಲಿ ಕಣಕಾಲು ಉಳುಕಿ ಒಂದು ತಿಂಗಳು ಹೊರಗೆ. ಕಂಬ ಮಾತ್ರ ನಿಂತಿದೆ, ಹಾಗಾಗಿ ನಾನು ಮತ್ತೆ ಕಾಯುವವರ ಸಾಲಿಗೆ ಹೋಗುವುದಿಲ್ಲ. ಒರ್ಲ್ಯಾಂಡೊ 41 ಗೆಲುವಿನ ತಂಡವಾಗಿದ್ದಾಗಲೇ ಡೆಸ್ಮಂಡ್ ಬೇನ್‌ಗಾಗಿ ಮೊದಲ ಸುತ್ತಿನ ನಾಲ್ಕು ಪಿಕ್ ಕೊಟ್ಟಾಗ ಹೆಚ್ಚಾಯಿತು ಎಂದವರೇ ಎಲ್ಲ. ಮೂರು ಅಂಕದ ಹೊಡೆತದಲ್ಲಿ ಇಡೀ ಎನ್‌ಬಿಎಯಲ್ಲೇ ಕೊನೆಯ ಪ್ರಮಾಣ ಇದ್ದ ತಂಡ ಅದು. ಆದರೆ ಅದರ ಕಂಬಗಳು, ಬ್ಯಾಂಕೆರೊ, ವಾಗ್ನರ್ ಇಬ್ಬರೂ, ಬಲಿತಾಗಿತ್ತು. ನಾನಾಗಿದ್ದರೂ ಕೊಡುತ್ತಿದ್ದೆ.

ಡೇವಿಸ್‌ನಿಂದ ಬಂದ ಎರಡು ಪಿಕ್‌ಗಳಲ್ಲಿ ಒಂದನ್ನು 2025ರ ಡ್ರಾಫ್ಟಿನ ಹಿಂದಿನ ವಾರ ಸೆಂಟರ್ ಒಬ್ಬನಿಗೆ ಕೊಟ್ಟಾಗಿದೆ. ಇನ್ನೊಂದು 2026ರದ್ದು. ಅದನ್ನು ಕೇಳಿ ಹ್ಯೂಸ್ಟನ್‌ನ ಗೆಳೆಯ ಈಗಾಗಲೇ ಎರಡು ಸಲ ಸಂದೇಶ ಕಳುಹಿಸಿದ್ದಾನೆ. ನವೆಂಬರ್‌ನ ದರದಲ್ಲಿ ಅದು ಸಿಗುವುದಿಲ್ಲ ಎಂದು ಅವನಿಗೆ ಹೇಳಿದ್ದೇನೆ.