ಕೊಮೊಡೊ ಡ್ರಾಗನ್, ಹಯಸಿಂತ್ ಮಕಾವ್: ಇವೆರಡನ್ನ ಹೋಲಿಸೋದು ಹೇಗೆ

ಬರೀ 'ದೊಡ್ಡ ಹಲ್ಲಿ', 'ಗಿಳಿ' ಅಂತ ಶುರು ಮಾಡಿದ್ರೆ ಹೋಲಿಕೆ ಎಲ್ಲೂ ನಿಲ್ಲಲ್ಲ, ಅದಕ್ಕೇ ಮೊದ್ಲು ಒಂದೊಂದು ಜಾತಿ ಫಿಕ್ಸ್ ಮಾಡ್ಕೊಳ್ಳಿ. ನಾನು ಇವೆರಡನ್ನೇ ತಗೊಳ್ಳೋದು: ಇಂಡೋನೇಷ್ಯಾದ ಕೊಮೊಡೊ, ರಿಂಕಾ, ಫ್ಲೋರೆಸ್ ದ್ವೀಪಗಳಲ್ಲಿರೋ ಕೊಮೊಡೊ ಡ್ರಾಗನ್, ಆಮೇಲೆ ಬ್ರೆಜಿಲ್, ಬೊಲಿವಿಯಾ ಕಡೆ ಇರೋ ನೀಲಿ ಹಯಸಿಂತ್ ಮಕಾವ್. ಅದು ಉಡದ ಕುಟುಂಬಕ್ಕೇ ದೊಡ್ಡದು, ಇದು ಹಾರೋ ಗಿಳಿಗಳಲ್ಲೇ ಉದ್ದದ್ದು.

ಸೈಜ್ ಬರೆಯುವಾಗ ಉದ್ದ ಒಂದೇ ಬರೆದು ಬಿಡ್ಬೇಡಿ, ತೂಕಾನೂ ಪಕ್ಕದಲ್ಲೇ ಹಾಕಿ. ಡ್ರಾಗನ್ 3 ಮೀಟರ್‌ವರೆಗೂ ಬೆಳೆಯುತ್ತೆ, ಮಕಾವ್ ಸುಮಾರು 1 ಮೀಟರ್, ಅಂದ್ರೆ ಬರೀ ಮೂರು ಪಟ್ಟು. ತೂಕ ನೋಡಿ, ಸುಮಾರು 70 ಕೆಜಿ ಎಲ್ಲಿ, ಒಂದೂವರೆ ಕೆಜಿ ಎಲ್ಲಿ, 40 ಪಟ್ಟಿಗಿಂತ ಜಾಸ್ತಿ! ಯಾಕಂದ್ರೆ ಗಿಳಿಯ ಉದ್ದದಲ್ಲಿ ದೊಡ್ಡ ಪಾಲು ಬಾಲದ ಗರಿ, ಎಷ್ಟೋ ಮೂಳೆಗಳ ಒಳಗೆ ಗಾಳಿ, ಡ್ರಾಗನ್ ಬಾಲ ಮಾತ್ರ ಪೂರ್ತಿ ಮಾಂಸಖಂಡ.

ಊಟದ ವಿಷಯಕ್ಕೆ ಎರಡಕ್ಕೂ ಒಂದೇ ಪ್ರಶ್ನೆ ಕೇಳಿ, ಬಾಯಿ ಯಾವ ಕೆಲಸಕ್ಕೆ ಅಂತ. ಮಕಾವ್ ಕೊಕ್ಕು ಗಟ್ಟಿ ತಾಳೆ ಬೀಜ ಒಡೆಯೋಕೆ, ಡ್ರಾಗನ್ ಹಲ್ಲು ಗರಗಸದ ಥರ, ಜಿಂಕೆ ಹಂದಿಗಳನ್ನ ಕಚ್ಚಿ ಹಿಂದಕ್ಕೆ ಎಳೆದು ಸೀಳೋಕೆ. ಬಾಯಲ್ಲಿರೋ ಬ್ಯಾಕ್ಟೀರಿಯಾದಿಂದಲೇ ಬೇಟೆ ಸಾಯುತ್ತೆ ಅನ್ನೋ ಹಳೇ ಮಾತನ್ನ ದಯವಿಟ್ಟು ಕಾಪಿ ಮಾಡ್ಬೇಡಿ, ಅದರ ಕೆಳದವಡೆಯಲ್ಲಿ ವಿಷಗ್ರಂಥಿ ಇದೆ ಅಂತ 2009ರಲ್ಲೇ ಸಂಶೋಧಕರು ತೋರಿಸಿದ್ದಾರೆ.

ಬಿಸಿರಕ್ತ, ತಣ್ಣನೆ ರಕ್ತ ಅನ್ನೋದಕ್ಕೆ ಒಂದು ಸಾಲು ಸಾಕು: ಡ್ರಾಗನ್ ಬೆಳಗ್ಗೆ ಬಿಸಿಲು ಕಾಯಿಸ್ಕೋಬೇಕು, ಗಿಳಿ ಮೈ ತಾನೇ ಬಿಸಿ ಇಟ್ಕೊಳ್ಳುತ್ತೆ.

ಮರಿಗಳ ಭಾಗ ಮಾತ್ರ ನಿಧಾನವಾಗಿ ಬರೀರಿ, ನಂಗೆ ತುಂಬಾ ಇಷ್ಟದ್ದು ಇದೇ. ಡ್ರಾಗನ್ ಸುಮಾರು 20 ಮೊಟ್ಟೆ ಇಡುತ್ತೆ, ಒಡೆಯೋಕೆ ಏಳೆಂಟು ತಿಂಗಳು, ಹೊರಗೆ ಬಂದ ಮರಿ ಸೀದಾ ಮರ ಹತ್ತುತ್ತೆ, ಯಾಕಂದ್ರೆ ಕೆಳಗೆ ಸಿಕ್ಕಿದ್ರೆ ದೊಡ್ಡ ಡ್ರಾಗನ್‌ಗಳೇ ತಿಂದು ಹಾಕ್ತವೆ. ಮಕಾವ್ ಇಡೋದು ಸಾಮಾನ್ಯವಾಗಿ ಎರಡೇ ಮೊಟ್ಟೆ, ಅದ್ರಲ್ಲೂ ಬದುಕೋದು ಹೆಚ್ಚಾಗಿ ಒಂದೇ ಮರಿ, ಅದನ್ನ ಅಪ್ಪ ಅಮ್ಮ ಇಬ್ರೂ ಸೇರಿ ಮರದ ಪೊಟರೆಯಲ್ಲಿ ತಿಂಗಳುಗಟ್ಟಲೆ ಸಾಕ್ತವೆ. ಎರಡರ ಮರಿಗೂ ಮರಾನೇ ಆಸರೆ, ಒಂದಕ್ಕೆ ತನ್ನವರಿಂದ ತಪ್ಪಿಸ್ಕೊಳ್ಳೋಕೆ, ಇನ್ನೊಂದಕ್ಕೆ ತನ್ನವರ ಜೊತೆ ಇರೋಕೆ. ಈ ಸಾಲು ನಿಮ್ಮ ಹೋಲಿಕೆಯಲ್ಲಿ ಬರಲೇಬೇಕು.

ಕೊನೇ ಕಾಲಂ ಅಪಾಯದ್ದು. ಡ್ರಾಗನ್ 2021ರಲ್ಲಿ ಐಯುಸಿಎನ್ (ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ 'ಅಳಿವಿನಂಚಿನ' ವರ್ಗಕ್ಕೆ ಸೇರ್ತು, ಹವಾಮಾನ ಬದಲಾಗಿ ಸಮುದ್ರ ಏರಿದ್ರೆ ಅದರ ಜಾಗವೇ ಕಮ್ಮಿ ಆಗುತ್ತೆ. ಮಕಾವ್‌ಗಳನ್ನ ಸಾಕೋದಕ್ಕೆ ಅಂತ ಹಿಡಿದು ಹಿಡಿದು ಮಾರಿದ್ರು, ಗೂಡಿನ ಮರಗಳೂ ಹೋದ್ವು.