ತೋಟದ ಪೈಪಿನಲ್ಲೊಂದು ಬಿಸಿಲ ಶವರ್

ಕಡಲಲ್ಲಿ ಆಡಿ ಬಂದ ಮೇಲೆ ಮೈಗೆಲ್ಲ ಉಪ್ಪು ಅಂಟಿಕೊಂಡು ತುರಿಸುತ್ತದಲ್ಲ, ಹಾಗೇ ಟೆಂಟಿನಲ್ಲಿ ಮಲಗುವುದು ನನ್ನಿಂದಾಗದ ಕೆಲಸ. ನಾನು ಶಿರಸಿ ಕಡೆಯವನು. ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ಹಂಡೆ ನೀರು ಬೆನ್ನಿಗೆ ಬಿದ್ದರೇ ಮಿಂದ ಹಾಗೆ. ಹಂಡೆಯನ್ನು ಕಾರವಾರದ ಹತ್ತಿರದ ಮಾಜಾಳಿ ಕಡಲ ದಂಡೆವರೆಗೆ ಹೊತ್ತುಕೊಂಡು ಹೋಗಲು ಆಗುತ್ತದಾ? ಅದಕ್ಕೇ, ಬಿಸಿಲಲ್ಲೇ ನೀರು ಕಾಯುವ ಶವರ್ ಮಾಡೋಣ ಅಂತ ತೋಟದಲ್ಲಿ ಮಿಕ್ಕಿದ್ದ ನಾಲ್ಕಿಂಚಿನ ಪಿವಿಸಿ ಪೈಪ್ ಎತ್ತಿಕೊಂಡೆ. ಅಂಗಳದಲ್ಲಿ ಕೂತು ಅದಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದಾಗ ಅಪ್ಪಯ್ಯ ನೋಡಿ, "ಎಂಥದ ಮಾರಾಯ ಇದು, ಫಿರಂಗಿಯಾ?" ಎಂದರು.

ನಾಲ್ಕಡಿ ಪೈಪ್ ಸಾಕು. ಸುಮಾರು 10 ಲೀಟರ್ ನೀರು ಹಿಡಿಯುತ್ತದೆ. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿದರೆ ಇಬ್ಬರ ಸ್ನಾನ ಆಗುತ್ತದೆ. ಇನ್ನೂ ಉದ್ದ ಬೇಕು ಅನಿಸಿದರೆ, 10 ಲೀಟರ್ ಅಂದರೆ 10 ಕಿಲೋ, ಅದನ್ನು ಮೇಲೆತ್ತಿ ಕಟ್ಟುವವರು ನೀವೇ ಅಂತ ನೆನಪಿರಲಿ. ಜೊತೆಗೆ ನಾಲ್ಕಿಂಚಿನ ಎರಡು ಎಂಡ್ ಕ್ಯಾಪ್, ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ), ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್ (ತೂತಿಗೆ ಕೂರಿಸಿ ನಟ್ ಬಿಗಿಯುವ ಕಿರು ಕೊಳವೆ), ಬಾಲ್ ವಾಲ್ವ್ ಅಂದರೆ ನಲ್ಲಿ, ಗೇಣುದ್ದ ಹೋಸ್, ಸಲ್ಯೂಷನ್ ಅನ್ನುವ ಪಿವಿಸಿ ಅಂಟು, ಮರೆಗೆ ಸುತ್ತಲು ಟೆಫ್ಲಾನ್ ಟೇಪ್. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದ ಹಳೇ ಕ್ಯಾನ್ ಇದೆಯಲ್ಲ, ಅದೇ ಆಗಲ್ವಾ ಅಂತ ಮಾತ್ರ ಕೇಳಬೇಡಿ. ಮೈಲುತುತ್ತದ ಸ್ನಾನ ಯಾರಿಗೂ ಬೇಡ.

ಮೊದಲು ಒಂದು ಎಂಡ್ ಕ್ಯಾಪ್ ತೆಗೆದುಕೊಂಡು, ಅಂಚಿಗೆ ಹತ್ತಿರ ತೂತು ಕೊರೆದು ಟ್ಯಾಂಕ್ ನಿಪ್ಪಲ್ ಕೂರಿಸಿ. ರಬ್ಬರ್ ವಾಷರ್ ಹಾಕಿ ಬಿಗಿ ಮಾಡುವ ಕೆಲಸವೂ ಈಗಲೇ ಆಗಬೇಕು. ಕ್ಯಾಪ್ ಅಂಟಿಸಿದ ಮೇಲೆ ಒಳಗಿನ ನಟ್‌ಗೆ ಕೈ ಹೋಗುವುದಿಲ್ಲ. ಪೈಪಿನ ಇನ್ನೊಂದು ತುದಿಗೆ ಎಲ್ಬೋ. ಪೈಪ್ ಅಡ್ಡ ಮಲಗಿಸಿ ನಿಪ್ಪಲ್ ಕೆಳಗಡೆ ಬಂದಾಗ ಎಲ್ಬೋ ಬಾಯಿ ನೇರ ಆಕಾಶ ನೋಡಬೇಕು. ಸಲ್ಯೂಷನ್ ಹಚ್ಚುವ ಮುಂಚೆ ಸುಮ್ನೆ ಜೋಡಿಸಿ ನೋಡಿ, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಿ. ಅದು ಹಿಡಿಯುವುದಕ್ಕೆ ಅರೆ ನಿಮಿಷವೂ ಬೇಡ, ಆಮೇಲೆ ತಿರುಗಿಸುತ್ತೇನೆ ಅಂದರೆ ಪೈಪ್ ಕತ್ತರಿಸಬೇಕಾಗುತ್ತದೆ. ಒಂದು ದಿನ ಒಣಗಲು ಬಿಡಿ. ನಿಪ್ಪಲ್‌ಗೆ ವಾಲ್ವ್, ವಾಲ್ವಿಗೆ ಹೋಸ್.

ಶವರ್ ಮುಖಕ್ಕೆ ಅಂಗಡಿಯ ಅಗಲ ತಟ್ಟೆ ಹಾಕಿ ನೋಡಿದೆ. ಬರೀ ತೊಟ್ಟಿಕ್ಕಿತು. ಏಳಡಿ ಎತ್ತರದಲ್ಲಿ ಕಟ್ಟಿದ ನೀರಿಗೆ ಒತ್ತಡ ಎಲ್ಲಿಂದ ಬರಬೇಕು? ಒಂದು ಚಿಕ್ಕ ಎಂಡ್ ಕ್ಯಾಪಿಗೆ ಸಣ್ಣ ಬಿಟ್‌ನಲ್ಲಿ ಹದಿನೈದು ತೂತು ಕೊರೆದು ಹೋಸಿನ ತುದಿಗೆ ಸಿಕ್ಕಿಸಿದೆ, ಸರಿಹೋಯಿತು. ಕಾಯಿಸಿದ ದಬ್ಬಣದಲ್ಲಿ ಚುಚ್ಚಲು ಹೋಗಬೇಡಿ. ಪಿವಿಸಿ ಸುಟ್ಟ ಹೊಗೆ ಕೆಟ್ಟದ್ದು.

ಎಲ್ಬೋ ಬಾಯಿಗೆ ಎರಡನೇ ಕ್ಯಾಪ್. ಇದನ್ನು ಅಂಟಿಸುವುದಿಲ್ಲ, ನೀರು ತುಂಬುವುದು ಇಲ್ಲಿಂದಲೇ. ಇದಕ್ಕೊಂದು ಗಾಳಿ ತೂತು ಬೇಕೇ ಬೇಕು. ನಾನು ಮರೆತಿದ್ದೆ. ಮಾಜಾಳಿಯಲ್ಲಿ ಮಗ ತಲೆಗೆಲ್ಲ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ನಿಂತಿದ್ದಾನೆ, ನೀರು ಗುಳುಗುಳು ಅಂದು ನಿಂತೇಹೋಯಿತು. ನಾನು ವಾಲ್ವ್ ತಿರುಗಿಸುತ್ತೇನೆ, ಹೋಸ್ ಅಲ್ಲಾಡಿಸುತ್ತೇನೆ, ಅವನು "ಅಪ್ಪಾ, ಕಣ್ಣುರಿ!" ಎಂದು ಕುಣಿಯುತ್ತಾನೆ. ಕೊನೆಗೆ ಹೆಂಡತಿ ಬಂದು ಮೇಲಿನ ಕ್ಯಾಪ್ ಕಿತ್ತಳು. ಸುರ್ ಅಂತ ಬಂತು. ಒಳಗೆ ಗಾಳಿ ಹೋಗದೆ ನೀರು ಹೊರಗೆ ಬರುವುದಾದರೂ ಹೇಗೆ?

ಬಣ್ಣ ಮಿಂಚುವಂಥದ್ದಲ್ಲ, ಮ್ಯಾಟ್ ಕಪ್ಪು ಇರಲಿ. ಕಪ್ಪೇ ಯಾಕೆ ಅನ್ನುವವರು ಮಾಜಾಳಿ ಪಕ್ಕದ ತಿಳ್ಮಾತಿ ಬೀಚಿಗೆ ಹೋಗಿ, ಎಳ್ಳಿನಂಥ ಆ ಕರಿ ಮರಳಿನ ಮೇಲೆ ಮಧ್ಯಾಹ್ನ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಿ.

ಘಟ್ಟ ಇಳಿಯುವಾಗ ಪೈಪ್ ಖಾಲಿ ಇರಲಿ. ಜಾಗ ತಲುಪಿ, ಹತ್ತು ಗಂಟೆಯೊಳಗೆ ಸಿಹಿನೀರು ತುಂಬಿ ಬಿಸಿಲಿಗಿಡಿ. ಇಷ್ಟು ಪೈಪಿನ ಮೇಲೆ ಬೀಳುವ ಒಳ್ಳೇ ಬಿಸಿಲು ಸುಮಾರು 100 ವ್ಯಾಟ್ ಅನ್ನಿ. 10 ಲೀಟರ್ ನೀರು 15 ಡಿಗ್ರಿ ಏರಲು ಲೆಕ್ಕದಲ್ಲಿ ಎರಡು ತಾಸಿಗೆ ತುಸು ಕಡಿಮೆ, ದಂಡೆಯಲ್ಲಿ ಮೂರ್ನಾಲ್ಕು ತಾಸು. ಆ ಹೆಚ್ಚಿನ ಹೊತ್ತು ಕಡಲ ಗಾಳಿಯ ಪಾಲು. ಗಾಳಿಮರದ ನೆರಳು ಬೀಳದ, ಆದರೆ ಗಾಳಿಗೆ ಮರೆಯಾದ ಜಾಗ ಹುಡುಕಿ. ಸಂಜೆ ಮೀಯುವವರು ನಾಲ್ಕು ಗಂಟೆಗೇ ಪೈಪಿಗೆ ಕಂಬಳಿ ಸುತ್ತಿ. ಮೀಯುವ ಮುಂಚೆ ಕೈಯೊಡ್ಡಿ ನೋಡಿ. ಬಿಸಿ ನೀರು ಮೇಲೆ ನಿಲ್ಲುವುದರಿಂದ ಮೊದಲು ಉಗುರು ಬೆಚ್ಚಗೆ ಬಂದು ಆಮೇಲೆ ಚುರುಕ್ ಅನ್ನಬಹುದು. ಈ ನೀರು ಕುಡಿಯಲಿಕ್ಕಲ್ಲ. ಹಳ್ಳ, ಬಾವಿಯಿಂದ ದೂರ ನಿಂತು ಮೀಯಿರಿ.

ಮಳೆಗಾಲದಲ್ಲಿ ಇದಕ್ಕೆ ಕೆಲಸವಿಲ್ಲ. ಒಣಗಿಸಿ ಎತ್ತಿಡುವಾಗ ಕ್ಯಾಪಿಗೂ ಶವರ್ ಮುಖಕ್ಕೂ ಬಟ್ಟೆ ಕಟ್ಟಿ. ನಾನು ಹಾಗೇ ಕೊಟ್ಟಿಗೆ ಅಟ್ಟಕ್ಕೆ ಎಸೆದಿದ್ದೆ. ದೀಪಾವಳಿ ಕಳೆದು ಇಳಿಸಿ ನೋಡಿದರೆ, ಅದೇ ಗಾಳಿ ತೂತಿಗೆ ಕುಂಬಾರ ಹುಳ ನೀಟಾಗಿ ಮಣ್ಣು ಮೆತ್ತಿತ್ತು.