ಮುಂಬೈ ಮಕ್ಕಳಿಗೆ ‘ಅಂದುಕೊಳ್ಳು’ ಕಲಿಸಿದ ಬಗೆ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಭಾನುವಾರ ಬೆಳಿಗ್ಗೆ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಹೌಸಿಂಗ್ ಸೊಸೈಟಿಯ ಆಫೀಸ್ ರೂಮೇ ತರಗತಿ. ಬರುವವರಲ್ಲಿ ಜಾಸ್ತಿ ಇಲ್ಲೇ ಹುಟ್ಟಿದ ಮಕ್ಕಳು. ಉಡುಪಿ, ಕುಂದಾಪುರ ಕಡೆಯ ಹೋಟೆಲಿನವರ ಮನೆಯವರಿದ್ದಾರೆ. ಧಾರವಾಡ, ವಿಜಯಪುರದಿಂದ ಕೆಲಸಕ್ಕೆ ಬಂದು ನೆಲೆ ನಿಂತವರ ಮಕ್ಕಳಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡದವರೂ ಇದ್ದಾರೆ. ಆಗಾಗ ಕನ್ನಡದ ಮನೆಗೆ ಬಂದ ಮರಾಠಿ ಸೊಸೆಯಂದಿರೂ ಬಂದು ಕೂರುತ್ತಾರೆ.

ಅಕ್ಷರ ಎಲ್ಲರಿಗೂ ಬೇಗ ಹತ್ತುತ್ತದೆ. ಶಾಲೆಯಲ್ಲಿ ದೇವನಾಗರಿ ಕಲಿತವರಿಗೆ ಕಾಗುಣಿತದ ಲೆಕ್ಕ ಹೊಸದಲ್ಲ. ಕಷ್ಟ ಬರುವುದು ತೀರಾ ಸಣ್ಣ ಮಾತುಗಳಲ್ಲಿ, ಅದರಲ್ಲೂ ಮನಸ್ಸಿನೊಳಗಿನದನ್ನು ಹೇಳುವ ಮಾತುಗಳಲ್ಲಿ.

ಒಂದು ವಾಕ್ಯ ನೋಡಿ: ‘ನಾನು ಯೋಚನೆ ಮಾಡ್ತೇನೆ ಇವತ್ತು ಮಳೆ ಬರ್ತದೆ.’ ಹೊಸದಾಗಿ ಬಂದ ಮಕ್ಕಳ ಬಾಯಲ್ಲಿ ಇದು ಪದೇ ಪದೇ ಬರುತ್ತದೆ. ಒಂದೊಂದು ಶಬ್ದವೂ ಕನ್ನಡದ್ದೇ. ಆದರೆ ನಾವು ಯಾರೂ ಹೀಗೆ ಹೇಳುವುದಿಲ್ಲ ಅಲ್ವಾ? ‘ಇವತ್ತು ಮಳೆ ಬರಬಹುದು ಅನ್ನಿಸ್ತದೆ’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಥಿಂಕ್’ ಒಂದಿದ್ದರೆ ಅಂದಾಜು, ಅಭಿಪ್ರಾಯ, ಉದ್ದೇಶ, ಲೆಕ್ಕಾಚಾರ ಎಲ್ಲವೂ ನಡೆದುಹೋಗುತ್ತದೆ. ಮಕ್ಕಳು ಅದಕ್ಕೆ ಕನ್ನಡದಲ್ಲಿ ಒಂದೇ ಶಬ್ದ ಕೇಳುತ್ತಾರೆ. ಮನೆಯವರು ‘ಯೋಚನೆ ಮಾಡು’ ಅಂತ ಹೇಳಿಕೊಟ್ಟಿರುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಕಡೆಯೂ ಅದೇ.

ಅದಕ್ಕೇ ನಾನು ಮೊದಲು ‘ಯೋಚನೆ’ಯ ಗಡಿ ಗುರುತಿಸಿಕೊಟ್ಟೆ. ಯೋಚನೆ ಮಾಡುವುದು ಒಂದು ಕೆಲಸ. ಅದಕ್ಕೆ ಹೊತ್ತು ಬೇಕು. ‘ಯೋಚನೆ ಮಾಡಿ ನಾಳೆ ಹೇಳ್ತೇನೆ’ ಅನ್ನಬಹುದು. ‘ಯಾವ ಕಾಲೇಜಿಗೆ ಸೇರೋದು ಅಂತ ಯೋಚನೆ ಮಾಡ್ತಿದ್ದೇನೆ’ ಅನ್ನಬಹುದು. ಇನ್ನೂ ತೀರ್ಮಾನ ಆಗಿಲ್ಲದ ವಿಷಯದ ಜೊತೆಗೆ ಅದು ಚೆನ್ನಾಗಿ ಹೊಂದುತ್ತದೆ. ‘ಮಳೆ ಬರ್ತದೆ’ ಅಂತ ಒಂದು ಅಭಿಪ್ರಾಯ ಆಗಲೇ ಮನಸ್ಸಿಗೆ ಬಂದಿದ್ದರೆ ಅಲ್ಲಿ ಯೋಚನೆಗೆ ಕೆಲಸವಿಲ್ಲ. ಇದರ ಜೊತೆಗೇ ‘ಯೋಚನೆ’ಗಿರುವ ಇನ್ನೊಂದು ಅರ್ಥವನ್ನೂ ಹೇಳಿಬಿಡುತ್ತೇನೆ. ಅಜ್ಜಿ ಫೋನಿನಲ್ಲಿ ‘ಯೋಚನೆ ಮಾಡ್ಬೇಡ ಮಗಾ, ಎಲ್ಲ ಸರಿ ಆಗ್ತದೆ’ ಅಂದರೆ ಬುದ್ಧಿ ಓಡಿಸಬೇಡ ಅಂತಲ್ಲ, ಚಿಂತೆ ಬೇಡ ಅಂತ. ಧಾರವಾಡದ ಮನೆಗಳಲ್ಲಿ ಇದೇ ಮಾತು ‘ವಿಚಾರ ಮಾಡಬ್ಯಾಡ್ರಿ’ ಅಂತ ಆಗುತ್ತದೆ.

ಆಮೇಲೆ ಮರಾಠಿಯನ್ನು ಕರೆದುಕೊಂಡೆ. ಇದು ನನ್ನ ತರಗತಿಗೆ ತುಂಬಾ ಅನುಕೂಲ ಆದ ಹೆಜ್ಜೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ದಾರಿ ಸುತ್ತು. ಮರಾಠಿಯಿಂದ ನೇರ. ಹಲಗೆಯ ಮೇಲೆ ಒಂದರ ಕೆಳಗೆ ಒಂದು ಬರೆಯುತ್ತೇನೆ:

ತೋ ಯೇಈಲ ಅಸಂ ಮಲಾ ವಾಟತಂ.
ಅವನು ಬರುತ್ತಾನೆ ಅಂತ ನನಗೆ ಅನ್ನಿಸುತ್ತದೆ.

ಶಬ್ದಕ್ಕೆ ಶಬ್ದ ಕೂರುತ್ತದೆ. ‘ತೋ’ ಕೆಳಗೆ ‘ಅವನು’, ‘ಅಸಂ’ ಕೆಳಗೆ ‘ಅಂತ’, ‘ಮಲಾ’ ಕೆಳಗೆ ‘ನನಗೆ’. ‘ನಾನು’ ಅಲ್ಲ, ‘ನನಗೆ’. ಅನ್ನಿಸುವುದು ನಾವಾಗಿ ಮಾಡುವ ಕೆಲಸವಲ್ಲ, ನಮಗೆ ಆಗುವಂಥದ್ದು. ಹಾಗಾಗಿಯೇ ಯಾರಿಗೂ ‘ಅನ್ನಿಸಬೇಡ’ ಅಂತ ಅಪ್ಪಣೆ ಕೊಡಲು ಬರುವುದಿಲ್ಲ. ಮುಂಬೈ ಮಕ್ಕಳು ಮರಾಠಿಯನ್ನೂ ‘ಮಲಾ ವಾಟತಂ ಕೀ ತೋ ಯೇಈಲ’ ಅಂತಲೇ ಜಾಸ್ತಿ ಆಡುವುದು. ಅದರಿಂದ ಕನ್ನಡಕ್ಕೂ ಒಂದು ‘ಕಿ’ ನುಸುಳುತ್ತದೆ: ‘ನಂಗೆ ಅನ್ನಿಸ್ತದೆ ಕಿ ಅವನು ಬರ್ತಾನೆ’. ಎರಡು ಸಾಲನ್ನು ಮೇಲೆ ಕೆಳಗೆ ಇಟ್ಟು ಓದಿಸಿದ ಮೇಲೆ ಆ ‘ಕಿ’ ಮೆಲ್ಲಗೆ ಕಡಿಮೆಯಾಗುತ್ತದೆ.

ಮರಾಠಿ ಕೈಕೊಡುವ ಜಾಗವೂ ಇದೆ. ಅಲ್ಲಿ ‘ಭೀತೀ ವಾಟತೇ’, ‘ಲಾಜ ವಾಟತೇ’. ಮಕ್ಕಳು ಅದನ್ನೇ ‘ಭಯ ಅನ್ನಿಸ್ತದೆ’, ‘ನಾಚಿಕೆ ಅನ್ನಿಸ್ತದೆ’ ಮಾಡುತ್ತಾರೆ. ಕನ್ನಡದಲ್ಲಿ ಭಯ ಆಗುತ್ತದೆ, ನಾಚಿಕೆ ಆಗುತ್ತದೆ. ಇದಕ್ಕೆ ಕಾರಣ ವಿವರಿಸುತ್ತಾ ಕೂರುವುದಿಲ್ಲ. ಸುಮ್ನೆ ಹೇಳಿಸಿ ಹೇಳಿಸಿ ರೂಢಿ ಮಾಡಿಸುತ್ತೇನೆ.

ಇನ್ನು ‘ಅಂದುಕೊಳ್ಳು’. ನನಗೆ ತುಂಬಾ ಇಷ್ಟವಾದ ಕ್ರಿಯಾಪದ ಇದು. ನಾವು ದಿನವಿಡೀ ಬಳಸುತ್ತೇವೆ, ಒಮ್ಮೆಯೂ ನಿಂತು ನೋಡುವುದಿಲ್ಲ. ಅನ್ನು ಅಂದರೆ ಹೇಳು. ಅದಕ್ಕೆ ‘ಕೊಳ್ಳು’ ಸೇರಿದರೆ ತನ್ನೊಳಗೇ ಹೇಳಿಕೊಳ್ಳುವುದು. ‘ಅನ್ನಿಸು’ ಹುಟ್ಟಿದ್ದೂ ‘ಅನ್ನು’ವಿನಿಂದಲೇ. ನಡುವೆ ಬರುವ ‘ಅಂತ’, ಬರಹದ ‘ಎಂದು’ ಕೂಡ ಅದೇ ಮನೆಯವು. ಅಂದರೆ ‘ಮಳೆ ಬರ್ತದೆ ಅಂತ ಅನ್ನಿಸ್ತು’ ಅನ್ನುವಾಗ ಒಂದೇ ಧಾತುವನ್ನು ಎರಡು ಸಲ ಹೇಳಿರುತ್ತೇವೆ. ಈ ‘ಕೊಳ್ಳು’ವನ್ನು ಅರ್ಥ ಮಾಡಿಸುವುದು ಬೇರೆ ಊರಿನಲ್ಲಿ ಕಷ್ಟವೇನೋ, ಮುಂಬೈಯಲ್ಲಿ ಅಲ್ಲ. ಮರಾಠಿಯ ‘ಘೇಣೇ’ (ತೆಗೆದುಕೊಳ್ಳುವುದು) ಇದೆಯಲ್ಲ! ‘ಸಮಜೂನ ಘೇ’ ಅಂದರೆ ‘ತಿಳಿದುಕೋ’. ಅಷ್ಟು ಹೇಳಿದರೆ ಮಕ್ಕಳ ಮುಖ ಅರಳುತ್ತದೆ.

‘ಅಂದುಕೊಳ್ಳು’ವಿನ ಅರ್ಥಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಉಪಯೋಗವಿಲ್ಲ. ಅರ್ಥ ಗೊತ್ತಾಗುವುದು ಎದುರಿನವರು ಕೊಡುವ ಉತ್ತರದಲ್ಲಿ. ಅದಕ್ಕೆ ನಾನು ಮಕ್ಕಳನ್ನು ಜೋಡಿ ಮಾಡಿ ಕೂರಿಸಿ ಒಬ್ಬರಿಗೆ ವಾಕ್ಯ, ಇನ್ನೊಬ್ಬರಿಗೆ ಉತ್ತರ ಕೊಡುತ್ತೇನೆ. ಒಂದು ಜೋಡಿಯನ್ನು ಇಲ್ಲಿ ಬರೆಯುತ್ತೇನೆ.

‘ರಜೆಯಲ್ಲಿ ಊರಿಗೆ ಹೋಗ್ಬೇಕು ಅಂದ್ಕೊಂಡಿದ್ದೇನೆ.’
‘ಹೌದಾ? ಮತ್ಸ್ಯಗಂಧ ರೈಲಲ್ಲಿ ಟಿಕೆಟ್ ಸಿಕ್ತಾ?’

‘ರಜೆಯಲ್ಲಿ ಊರಿಗೆ ಹೋಗ್ಬೇಕು ಅಂದ್ಕೊಂಡಿದ್ದೆ.’
‘ಅಯ್ಯೋ, ಮತ್ತೆ ಯಾಕೆ ಹೋಗ್ಲಿಲ್ಲ?’

ವ್ಯತ್ಯಾಸ ಇರುವುದು ಕೊನೆಯ ತುಣುಕಿನಲ್ಲಿ ಮಾತ್ರ. ‘ಇದ್ದೇನೆ’ ಅಂದರೆ ಹೋಗುವ ಮನಸ್ಸು ಈಗಲೂ ಇದೆ. ‘ಇದ್ದೆ’ ಅಂದ ಕೂಡಲೇ ಕೇಳಿದವರಿಗೆ ಗೊತ್ತಾಗುತ್ತದೆ, ಹೋಗುವುದು ನಡೆದಿಲ್ಲ. ‘ಹೋಗಲಿಲ್ಲ’ ಅಂತ ಬಾಯಿಬಿಟ್ಟು ಹೇಳುವುದೇ ಬೇಡ. ‘ನೀವು ಬರ್ತೀರಿ ಅಂದ್ಕೊಂಡಿದ್ದೆ’ ಅಂತ ಯಾರಾದರೂ ಅಂದರೆ ಅದರಲ್ಲಿ ಸಣ್ಣ ಬೇಸರ ಇರುತ್ತದೆ. ಆ ಬೇಸರ ಕೇಳಿಸಬೇಕಾದರೆ ಕಿವಿ ಕನ್ನಡದ್ದಾಗಬೇಕು. ನಿಜವಾದರೆ ಬೇರೆ ಮಾತೇ ಇದೆ: ‘ಅಂದ್ಕೊಂಡ ಹಾಗೇ ಆಯ್ತು.’ ಈ ಮೂರನ್ನೂ ಬೇರೆ ಬೇರೆ ಉತ್ತರದ ಜೊತೆ ಆಡಿಸಿದ ಮೇಲೆ ವ್ಯಾಕರಣದ ಹೆಸರುಗಳು ಬೇಕಾಗಲೇ ಇಲ್ಲ.

‘ಏನೂ ಅಂದುಕೊಳ್ಳಬೇಡಿ’ಗೆ ಒಂದು ಇಡೀ ಭಾನುವಾರ ಇಡುತ್ತೇನೆ. ಪಕ್ಕದ ಮನೆಯವರ ಹತ್ತಿರ ಏನಾದರೂ ಕೇಳುವಾಗ, ಹಿರಿಯರ ಮಾತಿಗೆ ಎದುರು ಹೇಳುವಾಗ, ಊಟಕ್ಕೆ ಕರೆದವರಿಗೆ ಬರಲಾಗುವುದಿಲ್ಲ ಅನ್ನುವಾಗ ಮೊದಲು ಬರುವ ಮಾತು ಇದು. ‘ಏನೂ ಅಂದ್ಕೋಬೇಡಿ ಆಂಟಿ, ಇವತ್ತು ಅಮ್ಮನಿಗೆ ಹುಷಾರಿಲ್ಲ, ನಾವು ಬರೋದಕ್ಕಾಗಲ್ಲ.’ ಮರಾಠಿ ಸೊಸೆಯೊಬ್ಬರು ಇದನ್ನು ಕೇಳಿದ ತಕ್ಷಣ ‘ವಾಈಟ ವಾಟೂನ ಘೇಊ ನಕಾ’ ಅಂದರು. ಅಲ್ಲೂ ‘ಘೇ’, ಇಲ್ಲೂ ‘ಕೊಳ್ಳು’. ಮರಾಠಿಯ ‘ವಾಈಟ’ ಅಂದರೆ ಕೆಟ್ಟದ್ದು; ಕನ್ನಡದಲ್ಲಿ ‘ಕೆಟ್ಟದ್ದು’ ಅಂತ ಹೇಳುವುದೂ ಇಲ್ಲ. ಬರೀ ‘ಏನೂ’. ಏನು ಅಂತ ಇಬ್ಬರಿಗೂ ಗೊತ್ತು. ಬಹುವಚನಕ್ಕೆ ಬಂದರೆ ಇದೇ ಕ್ರಿಯಾಪದ ಬೀದಿಗೆ ಬರುತ್ತದೆ: ‘ಜನ ಏನಂದ್ಕೋತಾರೆ?’ ಅಲ್ಲಿ ಜನ ಮನಸ್ಸಿನಲ್ಲೂ ಅಂದುಕೊಳ್ಳಬಹುದು, ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳಲೂಬಹುದು. ಎರಡಕ್ಕೂ ಅದೇ ಶಬ್ದ.

ಇಲ್ಲಿಯೇ ಒಂದು ಎಚ್ಚರಿಕೆ ಕೊಡಬೇಕಾಗುತ್ತದೆ. ‘ಅನ್ನಿಸು’ವಿಗೂ ‘ಕೊಳ್ಳು’ ಹಚ್ಚಿದರೆ ದಾರಿ ಪೂರ್ತಿ ಬೇರೆ. ‘ಒಳ್ಳೆಯವಳು ಅನ್ನಿಸಿಕೊಂಡಳು’ ಅಂದರೆ ಹೆಸರು ಪಡೆದಳು. ‘ಅಪ್ಪನ ಕೈಲಿ ಅನ್ನಿಸಿಕೊಂಡೆ’ ಅಂದರೆ ಬೈಸಿಕೊಂಡೆ. ‘ಅವನಿಗೆ ಏನೂ ಅನ್ನಬೇಡ’ ಅನ್ನುವಾಗಲೂ ಬೈಯಬೇಡ ಅಂತಲೇ ಅರ್ಥ. ‘ತಿಳಿದುಕೊಳ್ಳು’ ಕೂಡ ಹೀಗೇ ಎರಡು ಕಡೆ ವಾಲುತ್ತದೆ. ‘ವಿಷಯ ತಿಳಿದುಕೊಂಡೆ’ ಅಂದರೆ ಗೊತ್ತು ಮಾಡಿಕೊಂಡೆ. ‘ಅವರೇ ಡಾಕ್ಟರು ಅಂತ ತಿಳ್ಕೊಂಡೆ’ ಅಂದರೆ ಅವರು ಡಾಕ್ಟರಲ್ಲ ಅಂತ ಆಮೇಲೆ ಗೊತ್ತಾಗಿದೆ. ‘ಅಂತ’ ನಡುವೆ ಬಂದಿದೆಯೋ ಇಲ್ಲವೋ ನೋಡಿ ಅಂತ ಹೇಳಿಕೊಡುತ್ತೇನೆ. ಹೆಚ್ಚಿನ ಕಡೆ ಅದು ಸಾಕಾಗುತ್ತದೆ.

ಇಷ್ಟಾದ ಮೇಲೆ ಮನೆಗೆಲಸ ಕೊಟ್ಟೆ: ಮನೆಯ ಹಿರಿಯರು ‘ಅಂದುಕೊಂಡೆ’ ಅನ್ನುವುದಕ್ಕೆ ಏನು ಹೇಳುತ್ತಾರೆ ಕೇಳಿ ಬರೆದುಕೊಂಡು ಬನ್ನಿ. ಮುಂಬೈಯಲ್ಲಿ ಕಲಿಸುವುದರ ಭಾಗ್ಯ ಇದೇ. ಎಲ್ಲ ಕಡೆಯ ಕನ್ನಡವೂ ಒಂದೇ ಕೋಣೆಯಲ್ಲಿ ಸಿಗುತ್ತದೆ. ಧಾರವಾಡದ ಹುಡುಗ ‘ನನಗ ಹಂಗ ಅನಸ್ತದ’ ಬರೆದು ತಂದ. ಮಂಗಳೂರಿನ ಮನೆಯಿಂದ ‘ಗ್ರಹಿಸಿದೆ’ ಬಂತು. ಕುಂದಾಪುರದ ಹುಡುಗಿ ಅಜ್ಜಿಯ ಮಾತು ತಂದಳು: ‘ನಾನ್ ಹಾಂಗ್ ಎಣ್ಸಲೇ ಇಲ್ಲ.’ ಉಳಿದವರು ಕೇಳಿದರು, ಅಜ್ಜಿ ಏನನ್ನು ಎಣಿಸಬೇಕಿತ್ತು ಅಂತ.

ಅಂದು ಉಳಿದ ಹೊತ್ತೆಲ್ಲ ‘ಎಣಿಸು’ವಿಗೇ ಹೋಯಿತು. ಎಣಿಸು ಅಂದರೆ ಲೆಕ್ಕ ಮಾಡು, ಎಣಿಸು ಅಂದರೆ ಅಂದುಕೋ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟಿನಲ್ಲಿ ಎರಡೂ ಅರ್ಥ ಇವೆ. ತಮಿಳಿನ ‘ಎಣ್ಣು’ವಿಗೂ ಈ ಎರಡೂ ಅರ್ಥ. ಹಾಗಾಗಿ ಅಜ್ಜಿಯ ಮಾತು ಯಾವುದೋ ಮೂಲೆಯ ಮಾತಲ್ಲ, ತುಂಬಾ ಹಳೆಯದು. ಇದನ್ನು ನಾನು ಒತ್ತಿ ಹೇಳಿದೆ. ಪುಸ್ತಕದ ಕನ್ನಡ ಕಲಿಯುತ್ತಾ ಮನೆಯ ಕನ್ನಡವನ್ನು ಮಕ್ಕಳು ಕೀಳಾಗಿ ನೋಡುವುದು ನನಗೆ ಸಹಿಸಲು ಆಗುವುದಿಲ್ಲ.

‘ನೆನೆ’ ಕಲಿಸುವುದಕ್ಕೆ ಮಾತ್ರ ಮಳೆಗಾಲ ಬರಲಿ ಅಂತ ಕಾಯುತ್ತೇನೆ. ಸ್ಟೇಷನ್ನಿನಿಂದ ನಡೆದು ಬಂದವರು ಬಾಗಿಲಲ್ಲಿ ಛತ್ರಿ ಕೊಡವುತ್ತಾ ನಿಂತಿರುವಾಗ ಕೇಳುತ್ತೇನೆ: ‘ನೆನೆದು ಬಂದ್ರಾ?’ ಉಡುಪಿ ಕಡೆಯವರು ‘ಚಂಡಿ ಆಯ್ತು’ ಅನ್ನುತ್ತಾರೆ, ಧಾರವಾಡದವರು ‘ತೊಯ್ದು ಹೋದ್ವಿ’ ಅನ್ನುತ್ತಾರೆ. ಊರನ್ನು ನೆನೆಯುವುದೂ ಮಳೆಯಲ್ಲಿ ನೆನೆಯುವುದೂ ಒಂದೇ ಶಬ್ದ ಅಂದರೆ ಮಕ್ಕಳು ಅದಕ್ಕೆ ಚಂದದ ಕಾರಣ ಕಟ್ಟಲು ಹೊರಡುತ್ತಾರೆ: ನೆನಪಿನಲ್ಲಿ ಮನಸ್ಸು ಒದ್ದೆಯಾಗುತ್ತದೆ ಅಂತ. ಕೇಳಲು ಚೆನ್ನಾಗಿದೆ, ಆದರೆ ನಿಜವಲ್ಲ. ಇವು ಬೇರೆ ಬೇರೆ ಎರಡು ಶಬ್ದಗಳು, ಕನ್ನಡದಲ್ಲಿ ಬಂದು ಒಂದೇ ರೂಪ ತಾಳಿವೆ. ತಮಿಳಿನಲ್ಲಿ ಈಗಲೂ ಬೇರೆಬೇರೆ ಇವೆ: ಮನಸ್ಸಿನದು ‘ನಿನೈ’, ನೀರಿನದು ‘ನನೈ’. ಅಡುಗೆಮನೆಯಲ್ಲಿ ‘ಉದ್ದಿನಬೇಳೆ ನೆನೆಸಿದೆ’, ಮನಸ್ಸಿನಲ್ಲಿ ‘ಅಜ್ಜನನ್ನು ನೆನೆಸಿಕೊಂಡೆ’. ಇಲ್ಲೂ ‘ಕೊಳ್ಳು’ವೇ ದಾರಿ ತೋರಿಸುತ್ತದೆ.

‘ಭಾವಿಸು’, ‘ಬಗೆ’ ಇವೆರಡನ್ನೂ ಮಾತಿನ ತರಗತಿಗೆ ತರುವುದಿಲ್ಲ. ‘ನಾನು ಹೀಗೆ ಭಾವಿಸುತ್ತೇನೆ’ ಅಂತ ಮಗು ಮನೆಯಲ್ಲಿ ಮಾತಾಡಿದರೆ ಭಾಷಣ ಮಾಡಿದ ಹಾಗೆ ಕೇಳುತ್ತದೆ. ಓದು ಬಂದವರಿಗೆ ಮುಂಬೈಯ ಕನ್ನಡ ಪತ್ರಿಕೆ ‘ಕರ್ನಾಟಕ ಮಲ್ಲ’ ಕೊಡುತ್ತೇನೆ. ಒಂದು ಸುದ್ದಿ ಓದಿ, ‘ಎಂದು’ ಬಂದ ಕಡೆಯೆಲ್ಲ ಗೆರೆ ಎಳೆದು, ಅದರ ಮುಂದೆ ಯಾವ ಕ್ರಿಯಾಪದ ಇದೆ ಅಂತ ನೋಡಲು ಹೇಳುತ್ತೇನೆ. ಭಾವಿಸಲಾಗಿದೆ, ಶಂಕಿಸಲಾಗಿದೆ, ನಂಬಲಾಗಿದೆ, ಅಂದಾಜಿಸಲಾಗಿದೆ. ಇವುಗಳಲ್ಲಿ ಯಾವುದು ಎಷ್ಟು ಗಟ್ಟಿ ಅಂತ ಮಕ್ಕಳು ವಾದ ಮಾಡುತ್ತಾರೆ. ಈಗ ದೊಡ್ಡ ಮಕ್ಕಳ ಗುಂಪು ಅಲ್ಲಿಗೆ ಬಂದಿದೆ. ‘ಶಂಕಿಸಲಾಗಿದೆ’ಯನ್ನು ಮನೆಮಾತಿನಲ್ಲಿ ಹೇಗೆ ಹೇಳುವುದು ಅಂತ ಬರೆದು ತರಲು ಹೇಳಿದ್ದೇನೆ.